ಫೋಟೋಗಿಂತ ಮೊದಲು ನೆಂಟರ ಪಟ್ಟಿ ಮುಚ್ಚಿಡಿ

ಕಬ್ಬಿನ ಬಿಲ್ ಬಂದ ವಾರ ಅದು. ರಾತ್ರಿ ಹನ್ನೊಂದು ಗಂಟೆಗೆ ಪಾಂಡವಪುರ ಕಡೆಯ ನಮ್ಮ ಬಾವ ಫೋನ್ ಮಾಡಿದರು. "ಬಾಮೈದ, ಒಸಿ ಅರ್ಜೆಂಟು. ಒಂದು ಮೂವತ್ತು ಸಾವಿರ ಹಾಕ್ತೀಯಾ?" ಅಂದರು. ಬಾವ ನನ್ನ ಹತ್ತಿರ ಹಿಂದೆಂದೂ ಕಾಸು ಕೇಳಿದವರಲ್ಲ. ಅದರಲ್ಲೂ ಬಿಲ್ ಬಂದ ವಾರ! "ಬಿಲ್ ದುಡ್ಡು ಏನಾಯ್ತು ಬಾವ?" ಅಂದೆ. ಆ ಕಡೆಯಿಂದ ಮಾತೇ ಇಲ್ಲ.

ಆಮೇಲೆ ನಿಧಾನಕ್ಕೆ ಬಾಯಿಬಿಟ್ಟರು. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ವಿಡಿಯೋ ಕಾಲ್ ಬಂದಿತ್ತು. ಎತ್ತಿದರೆ ಪರದೆ ಮೇಲೆ ಬಟ್ಟೆ ಇಲ್ಲದ ಹೆಂಗಸು. ಇವರು ಗಾಬರಿಯಾಗಿ ಕಟ್ ಮಾಡುವ ಹೊತ್ತಿಗೆ ಇಪ್ಪತ್ತು ಸೆಕೆಂಡ್ ಆಗಿತ್ತು. ಹತ್ತು ನಿಮಿಷಕ್ಕೆ ಅದೇ ಕಾಲಿನ ರೆಕಾರ್ಡಿಂಗ್ ಬಂತು. ಅದರ ಹಿಂದೆಯೇ ಇನ್ನೊಂದು ಸ್ಕ್ರೀನ್‌ಶಾಟ್. ಫೇಸ್‌ಬುಕ್‌ನಲ್ಲಿ ಬಾವನ ಸ್ನೇಹಿತರ ಪಟ್ಟಿ. ಮೊದಲು 5 ಸಾವಿರ ಹಾಕಿದರು, ಆಮೇಲೆ 15 ಸಾವಿರ, ಆಮೇಲೆ 40 ಸಾವಿರ.

ಬಾವ ಹೇಳಿದ ಒಂದು ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. "ವಿಡಿಯೋದಾಗೆ ನನ್ ಮುಖ ಸರ್ಯಾಗ್ ಕಾಣ್ತಾನೂ ಇರ್ಲಿಲ್ಲ ಕಣೋ. ಆ ಪಟ್ಟೀಲಿ ಬೀಗರ ಹೆಸ್ರು ನೋಡಿ ಕೈಕಾಲು ನಡುಗೋಯ್ತು."

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮನೆ ಮೈಸೂರು, ದಿನಾ ರೈಲಿನಲ್ಲಿ ಓಡಾಟ. ಬಾವನ ವಿಷಯ ಆದಮೇಲೆ ಇಂಥದ್ದೇ ಕಷ್ಟ ಹೊತ್ತು ಬಂದವರು ನಾಲ್ಕಾರು ಮಂದಿ. ಎಲ್ಲರಲ್ಲೂ ನಾನು ಕಂಡದ್ದು ಒಂದೇ. ಬ್ಲ್ಯಾಕ್‌ಮೇಲ್ ಮಾಡುವವನ ಬಲ ಇರೋದು ಫೋಟೋದಲ್ಲಿ ಅಲ್ಲ. ನಿಮಗೆ ಯಾರ್‍ಯಾರು ಗೊತ್ತು ಅನ್ನೋದು ಅವನಿಗೆ ಗೊತ್ತು, ನೀವು ಯಾರಿಗೂ ಹೇಳೋದಿಲ್ಲ ಅನ್ನೋದೂ ಗೊತ್ತು. ಈ ಎರಡನ್ನೂ ಅವನ ಕೈಯಿಂದ ಕಿತ್ತುಕೊಳ್ಳೋದು ಹೇಗೆ ಅಂತ ನೋಡೋಣ.

ಈಗಲೇ ಬೆದರಿಕೆ ಬಂದಿದ್ದರೆ

ಮೊದಲನೆಯದು, ದುಡ್ಡು ಹಾಕಬೇಡಿ. ಈಗಾಗಲೇ ಹಾಕಿದ್ದರೆ ಅಲ್ಲಿಗೇ ನಿಲ್ಲಿಸಿ. "ಇದೊಂದ್ಸಲ ಕೊಟ್ಟು ಕೈ ತೊಳ್ಕೊಂಡ್ಬಿಡೋಣ" ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ಅವರ ಲೆಕ್ಕವೇ ಬೇರೆ. ದಿನಕ್ಕೆ ಎಷ್ಟೋ ಜನಕ್ಕೆ ಬಲೆ ಬೀಸುತ್ತಾರೆ, ಹೆಚ್ಚಿನವರು ಬ್ಲಾಕ್ ಮಾಡಿ ಸುಮ್ಮನಾಗುತ್ತಾರೆ. ದುಡ್ಡು ಹಾಕಿದವನು ಮಾತ್ರ ಹಾಲು ಕೊಡುವ ಹಸು. ಅವನನ್ನು ಯಾಕೆ ಬಿಡ್ತಾರೆ? ಬಾವನಿಗೆ ಬಂದ ಮೂರು ಬೇಡಿಕೆಯಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದು, ಗಮನಿಸಿ.

ದುಡ್ಡು ಕೊಡದಿದ್ದರೆ ಅವನು ವಿಡಿಯೋ ಕಳಿಸೋದೇ ಇಲ್ಲ ಅಂತ ನಾನು ಭರವಸೆ ಕೊಡೋದಿಲ್ಲ. ಕೆಲವು ಸಲ ಒಂದಿಬ್ಬರಿಗೆ ಕಳಿಸಿಯೂ ಬಿಡುತ್ತಾರೆ. ಆದರೆ ಕೊಟ್ಟರೂ ಕಳಿಸಬಹುದು. ಹಾಗಿದ್ದ ಮೇಲೆ ಕೊಡೋದು ಯಾಕೆ?

ಎರಡನೆಯದು, ಯಾರಾದರೂ ಒಬ್ಬರಿಗೆ ಹೇಳಿ. ಪೊಲೀಸರಿಗಿಂತ ಮೊದಲು ಇದು. ಹೆಂಡತಿ, ಗಂಡ, ಅಕ್ಕ, ಗೆಳೆಯ, ಯಾರಾದರೂ ಸರಿ. ಬೈಯುವವರಾದರೂ ಪರವಾಗಿಲ್ಲ, ಊರಿಗೆಲ್ಲಾ ಟಾಂಟಾಂ ಮಾಡುವವರು ಮಾತ್ರ ಬೇಡ. ಒಬ್ಬರೇ ಕೂತು ರಾತ್ರಿ ಎರಡು ಗಂಟೆಗೆ ಯೋಚನೆ ಮಾಡಿದರೆ ಕೆಟ್ಟ ಯೋಚನೆಗಳೇ ಬರೋದು. ಹೇಳಿಕೊಳ್ಳಲು ಯಾರೂ ಇಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೂರನೆಯದು ಸಾಕ್ಷಿ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಚಾಟ್ ಪೂರ್ತಿ ಅಳಿಸಿಹಾಕೋದು. ಬಾವ ಅದನ್ನೇ ಮಾಡಿದ್ದರು. ಬ್ಲಾಕ್ ಮಾಡುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಪೂರ್ತಿ ನಂಬರ್ ಕಾಣಬೇಕು, ತಾರೀಖು ಮತ್ತು ಟೈಮ್ ಕಾಣಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆದರೆ ಬರೀ ಹೆಸರು ಸಾಲದು, ಹೆಸರು ಯಾವಾಗ ಬೇಕಾದರೂ ಬದಲಾಗುತ್ತೆ. ಆ ಪ್ರೊಫೈಲಿನ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ಯುಪಿಐ ಐಡಿ ಮತ್ತು ಯುಟಿಆರ್ ನಂಬರ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ ಬೇಕು. ಫೋನ್‌ಪೇ, ಗೂಗಲ್ ಪೇಯಲ್ಲಿ ಆ ವ್ಯವಹಾರ ಒತ್ತಿದರೆ ಕಾಣುತ್ತೆ. ಇಷ್ಟಾದ ಮೇಲೆ ಬ್ಲಾಕ್ ಮಾಡಿ, ಚಾಟ್ ಹಾಗೇ ಇರಲಿ. ಆ ವಿಡಿಯೋವನ್ನು ಸಾಕ್ಷಿ ಅಂತ ಯಾರಿಗೂ ಫಾರ್ವರ್ಡ್ ಮಾಡಬೇಡಿ. ನಿಮ್ಮ ಒಳ್ಳೆಯದಕ್ಕೇ ಕೇಳುವ ಗೆಳೆಯನಿಗೂ ಬೇಡ.

ನಾಲ್ಕನೆಯದು, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮನ್ನು ಸ್ವಲ್ಪ ದಿನ ಡಿಆಕ್ಟಿವೇಟ್ ಮಾಡಿ. ಡಿಲೀಟ್ ಅಲ್ಲ. ಪಟ್ಟಿ ಮರೆಯಾದರೆ ಅವನಿಗೆ ಹೊಸ ಹೆಸರು ಸಿಗೋದಿಲ್ಲ.

ಐದನೆಯದಕ್ಕೆ ಜನ ತುಂಬಾ ಹಿಂಜರಿಯುತ್ತಾರೆ, ಆದರೆ ನನ್ನ ಅನುಭವದಲ್ಲಿ ಕೆಲಸ ಮಾಡಿದ್ದು ಇದೇ. ಅವನು ಕಳಿಸುವ ಮುಂಚೆ ನೀವೇ ಕಳಿಸಿ. ವಿಡಿಯೋ ಅಲ್ಲ, ಸುದ್ದಿ. ಬಾವನ ಫೋನಿನಿಂದ ನಾನು ಟೈಪ್ ಮಾಡಿದ ಮೆಸೇಜ್ ಹೀಗಿತ್ತು: "ನನ್ನ ಹೆಸರಲ್ಲಿ ಒಂದು ಕೆಟ್ಟ ವಿಡಿಯೋ ಇಟ್ಟುಕೊಂಡು ಮೋಸಗಾರರು ದುಡ್ಡು ಕೇಳ್ತಿದ್ದಾರೆ. ಪೊಲೀಸರಿಗೆ ದೂರು ಕೊಡ್ತಾ ಇದ್ದೀನಿ. ಗೊತ್ತಿಲ್ಲದ ನಂಬರಿಂದ ಏನಾದ್ರೂ ಬಂದರೆ ತೆರೀಬೇಡಿ. ಆ ನಂಬರಿನ ಸ್ಕ್ರೀನ್‌ಶಾಟ್ ನನಗೆ ಕಳಿಸಿ, ರಿಪೋರ್ಟ್ ಮಾಡಿ." ಕಳಿಸುವಾಗ ಬಾವನ ಮುಖ ನೋಡೋಕಾಗಲಿಲ್ಲ. ಬೆಳಿಗ್ಗೆ ಬೀಗರಿಂದ ಉತ್ತರ ಬಂತು. "ನಂಗೂ ಉಗಾದಿ ಟೈಮಲ್ಲಿ ಬಂದಿತ್ತು. ಎಂಟು ಸಾವ್ರ ಹಾಕ್ಬುಟ್ಟೆ. ಮನೇಲಿ ಹೇಳ್ಬೇಡಿ."

ದೂರು ಕೊಡೋದು

ದುಡ್ಡು ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ. ಇದು ದೇಶಕ್ಕೆಲ್ಲಾ ಒಂದೇ ನಂಬರ್. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತೆ, ಎಲ್ಲೋ ಒಂದು ಕಡೆ ಇನ್ನೂ ಕೂತಿದ್ದರೆ ಬ್ಯಾಂಕಿನವರು ತಡೆಹಿಡಿಯಬಹುದು. ಮೂರು ದಿನ ಬಿಟ್ಟು ಮಾಡಿದರೆ ಎಟಿಎಂನಿಂದ ತೆಗೆದುಕೊಂಡು ಹೋಗಿರುತ್ತಾರೆ. ದುಡ್ಡು ಹೋಗಿಲ್ಲ, ಬೆದರಿಕೆ ಮಾತ್ರ ಅಂದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಬರೆಯಬಹುದು. ಹೆಂಗಸರು, ಮಕ್ಕಳ ಅಶ್ಲೀಲ ಫೋಟೋ, ವಿಡಿಯೋ ವಿಷಯವಾದರೆ ಹೆಸರು ಹೇಳದೆಯೂ ತಿಳಿಸೋಕೆ ಅಲ್ಲಿ ದಾರಿ ಇದೆ.

ನೇರವಾಗಿ ಹೋಗುವುದಾದರೆ ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದು ಸೆನ್ ಠಾಣೆ ಇದೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಈ ಮೂರನ್ನೂ ನೋಡಿಕೊಳ್ಳುವ ಠಾಣೆ. ಮಂಡ್ಯದಲ್ಲಿ ಒಂದಿದೆ. ಮೈಸೂರು ನಗರಕ್ಕೆ ಬೇರೆ, ಮೈಸೂರು ಜಿಲ್ಲೆಗೆ ಬೇರೆ. ಅಷ್ಟು ದೂರ ಆಗೋದಿಲ್ಲ ಅಂದರೆ ಹತ್ತಿರದ ಯಾವ ಠಾಣೆಯಾದರೂ ಸರಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಎಲ್ಲೇ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಅಂತ 173ನೇ ಸೆಕ್ಷನ್‌ನಲ್ಲಿ ಬರೆದೇ ಇದೆ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ನಾವು ಮೊದಲು ಹೋದ ಠಾಣೆಯಲ್ಲಿ ಒಬ್ಬರು ನಕ್ಕರು. "ಏನ್ ಯಜಮಾನ್ರೇ, ಈ ವಯಸ್ಸಲ್ಲಿ" ಅಂದರು. ಬಾವ ಎದ್ದು ಹೊರಟೇಬಿಟ್ಟಿದ್ದರು. ನಾನು ಕೈ ಹಿಡಿದು ಕೂರಿಸಿದೆ. ಅವತ್ತು ನಮಗೆ ನೆರವಾಗಿದ್ದು ಒಂದು ಕಾಗದ. ಹೋಗುವ ಮುಂಚೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಒಂದೇ ಪುಟ ಬರೆದುಕೊಂಡಿದ್ದೆವು. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿಂದ ಕಾಲ್ ಬಂತು. ಎಷ್ಟು ಕೇಳಿದರು, ಎಷ್ಟು ಹಾಕಿದೆವು, ಯಾವ ಐಡಿಗೆ, ಯುಟಿಆರ್ ಯಾವುದು. ಕೊನೆಗೆ ಸಹಿ. ಎರಡು ಝೆರಾಕ್ಸ್, ಒಂದರ ಮೇಲೆ ಠಾಣೆಯ ಸೀಲ್ ಹಾಕಿಸಿಕೊಳ್ಳೋದು. ಕಾಗದ ಕೈಗೆ ಕೊಟ್ಟಮೇಲೆ ನಗು ನಿಂತಿತು. ಬಾಯಲ್ಲಿ ಹೇಳುವಾಗ ನಾಚಿಕೆಯಿಂದ ಕಥೆ ಅಡ್ಡಾದಿಡ್ಡಿ ಆಗುತ್ತೆ ಅಲ್ವಾ, ಹಾಳೆ ನಾಚಿಕೊಳ್ಳೋದಿಲ್ಲ.

"ನನ್ನ ಮೇಲೇ ಕೇಸ್ ಹಾಕ್ಬಿಟ್ರೆ?" ಅಂತ ಬಹಳ ಜನ ಕೇಳುತ್ತಾರೆ. ಇಲ್ಲಿ ನೀವು ದೂರುದಾರರು. ಹೆದರಿಸಿ ದುಡ್ಡು ಕೀಳೋದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್, ಸುಲಿಗೆ. ಏಳು ವರ್ಷದವರೆಗೆ ಜೈಲು. ಒಪ್ಪಿಗೆ ಇಲ್ಲದೆ ಗುಪ್ತಾಂಗದ ಚಿತ್ರ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ. ಸೆಕ್ಷನ್ ಎಲ್ಲಾ ಬಾಯಿಪಾಠ ಮಾಡಬೇಕಿಲ್ಲ, ಕಾನೂನು ನಿಮ್ಮ ಕಡೆ ಇದೆ ಅಂತ ಗೊತ್ತಿದ್ದರೆ ಸಾಕು.

ಇನ್ನೊಂದು. ದುಡ್ಡು ನಿಲ್ಲಿಸಿದ ತಕ್ಷಣ ಎರಡನೇ ಸುತ್ತು ಶುರುವಾಗುತ್ತೆ. "ದಿಲ್ಲಿ ಸೈಬರ್ ಪೊಲೀಸ್" ಅಂತ ಹಿಂದಿಯಲ್ಲಿ ಫೋನ್ ಬರುತ್ತೆ. ಆ ಹುಡುಗಿ ಸತ್ತುಹೋದಳು, ನಿಮ್ಮ ಹೆಸರು ಬರೆದಿಟ್ಟಿದ್ದಾಳೆ ಅನ್ನುತ್ತಾರೆ. ವಿಡಿಯೋ ಕಾಲಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತಿರುತ್ತಾರೆ. ಡಿಜಿಟಲ್ ಅರೆಸ್ಟ್ ಅಂತ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸೂ ಫೋನಿನಲ್ಲಿ ಅರೆಸ್ಟ್ ಮಾಡೋದಿಲ್ಲ, ಕೇಸ್ ಮುಚ್ಚಿಹಾಕೋಕೆ ಅಂತ ಯುಪಿಐನಲ್ಲಿ ದುಡ್ಡು ಹಾಕಿಸಿಕೊಳ್ಳೋದಿಲ್ಲ. ಮೂರನೇ ಸುತ್ತಿನಲ್ಲಿ "ವಿಡಿಯೋ ಡಿಲೀಟ್ ಮಾಡಿಸಿಕೊಡ್ತೀವಿ, ಫೀಸ್ ಕೊಡಿ" ಅನ್ನುವವರು ಬರುತ್ತಾರೆ. ಅವರೂ ಅದೇ ಜಾತಿ.

ಫೋಟೋ ಹರಡದಂತೆ

ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಅಂತ ಒಂದು ಸೈಟ್, 2021ರಲ್ಲಿ ಶುರುವಾದದ್ದು. ನಿಮ್ಮ ಫೋಟೋ ಅಥವಾ ವಿಡಿಯೋವನ್ನು ಅಲ್ಲಿ ಆರಿಸಿದರೆ, ನಿಮ್ಮ ಫೋನಿನಲ್ಲೇ ಅದರ ಒಂದು ಗುರುತು ತಯಾರಾಗುತ್ತೆ. ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗೋದಿಲ್ಲ, ಆ ಗುರುತು ಮಾತ್ರ ಹೋಗುತ್ತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡಿಟ್ ಹೀಗೆ ಸೇರಿಕೊಂಡ ಕಂಪನಿಗಳು ಅದಕ್ಕೆ ಹೊಂದುವ ಫೋಟೋ ಬಂದರೆ ತಡೆಯುತ್ತವೆ. ಇದಕ್ಕೂ ಮಿತಿ ಇದೆ. ಸೇರದ ಕಂಪನಿಗಳಲ್ಲಿ ಕೆಲಸ ಮಾಡೋದಿಲ್ಲ, ಫೋಟೋ ತಿದ್ದಿದ್ದರೆ ಹೊಂದದೇ ಹೋಗಬಹುದು. ಆದರೂ ಮಾಡಿಡಿ. 18 ತುಂಬದವರ ಫೋಟೋ ಆದರೆ ಟೇಕ್ ಇಟ್ ಡೌನ್ ಅಂತ ಬೇರೆ ಸೈಟ್ ಇದೆ, ಕೆಲಸ ಮಾಡುವ ರೀತಿ ಒಂದೇ.

ಆಗಲೇ ಯಾರೋ ಹಾಕಿಬಿಟ್ಟಿದ್ದರೆ ಆ ಪೋಸ್ಟ್ ರಿಪೋರ್ಟ್ ಮಾಡಿ, ಕಂಪನಿಯ ದೂರು ಅಧಿಕಾರಿಗೂ ಬರೆಯಿರಿ. ನಗ್ನ ಚಿತ್ರ ಅಥವಾ ಮುಖ ಅಂಟಿಸಿ ಮಾಡಿದ ಚಿತ್ರದ ಬಗ್ಗೆ ಅದರಲ್ಲಿರುವವರೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕು ಅಂತ 2021ರಲ್ಲೇ ಐಟಿ ನಿಯಮ ಬಂದಿತ್ತು, 2026ರ ಫೆಬ್ರವರಿಯಿಂದ ಆ ಗಡುವು ಎರಡು ಗಂಟೆಗೆ ಇಳಿದಿದೆ.

ಹೆದರಿಸುತ್ತಿರುವವರು ಗೊತ್ತಿರುವವರೇ ಆದರೆ

ಇದು ಬೇರೆಯೇ ಕಥೆ. ದೂರದ ಗ್ಯಾಂಗಿಗೆ ದುಡ್ಡು ಬೇಕು, ಇವನಿಗೆ ತಾನು ಹೇಳಿದ ಹಾಗೆ ನೀವು ಕೇಳಬೇಕು. ಮೈಸೂರಿನ ಪಿಜಿಯೊಂದರಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿಗೆ ಬಿಟ್ಟುಹೋದ ಹುಡುಗ ಕಳಿಸಿದ ಮೆಸೇಜ್: "ಕೊನೇ ಸಲ ಕುಕ್ಕರಹಳ್ಳಿ ಕೆರೆ ಹತ್ರ ಬಾ, ನಿನ್ನ ಎದುರಿಗೇ ಡಿಲೀಟ್ ಮಾಡ್ತೀನಿ." ಎದುರಿಗೆ ಡಿಲೀಟ್ ಮಾಡಿದರೆ ಏನಾಯ್ತು? ಇನ್ನೊಂದು ಕಾಪಿ ಎಲ್ಲಿ ಬೇಕಾದರೂ ಇರಬಹುದು. ಹೋಗಲೇಬೇಡಿ. ಅವಳೂ ಹೋಗಲಿಲ್ಲ.

"ಫೋಟೋ ಕಳ್ಸಿದ್ದು ನಾನೇ ಸಾರ್, ದೂರು ಕೊಡೋಕೆ ಏನ್ ಮುಖ ಇದೆ" ಅಂತ ಅವಳು ಅತ್ತಳು. ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಹೆಣ್ಣುಮಗಳು ತೆಗೆಯೋಕೆ ಒಪ್ಪಿದ್ದರೂ, ಬೇರೆಯವರಿಗೆ ಹಂಚೋಕೆ ಒಪ್ಪದಿದ್ದರೆ, ಹಂಚಿದವನದು ಅಪರಾಧ. ನ್ಯಾಯ ಸಂಹಿತೆಯ 77ನೇ ಸೆಕ್ಷನ್‌ನ ವಿವರಣೆಯಲ್ಲೇ ಇದು ಇದೆ. ಹಿಂಬಾಲಿಸಿದರೆ, ಬೇಡ ಅಂದರೂ ಮೆಸೇಜ್ ಮಾಡುತ್ತಾ ಇದ್ದರೆ 78. ಹೆಂಗಸರ ಸಹಾಯವಾಣಿ 181. ಮಕ್ಕಳ ವಿಷಯವಾದರೆ 1098. ಮನೆಗೇ ಬಂದು ಗಲಾಟೆ ಮಾಡಿದರೆ 112.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗಳೋ ಮಗನೋ ಇಂಥದ್ದು ಹೇಳಿಕೊಂಡು ಬಂದರೆ ಆ ರಾತ್ರಿ ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಸಾಕ್ಷಿ ಇರೋದು ಅದರಲ್ಲೇ.

ಪಟ್ಟಿ ಮುಚ್ಚಿಡುವ ಕೆಲಸ

ಈಗ ಏನೂ ಆಗದವರಿಗೆ. ಅರ್ಧ ಗಂಟೆ ಸಾಕು.

ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಸ್ನೇಹಿತರ ಪಟ್ಟಿ ಯಾರಿಗೆ ಕಾಣಬೇಕು ಅಂತ ಕೇಳುವ ಕಡೆ 'ಓನ್ಲಿ ಮಿ' ಮಾಡಿ. ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡ್ತೀನಿ ಅಂದರೆ ಇದನ್ನೇ ಮಾಡಿ. ಪ್ರೊಫೈಲ್ ಲಾಕ್ ಮಾಡಿ. ಇನ್‌ಸ್ಟಾಗ್ರಾಮ್ ಪ್ರೈವೇಟ್ ಮಾಡಿ. ವಾಟ್ಸಾಪ್ ಪ್ರೈವಸಿಯಲ್ಲಿ ಪ್ರೊಫೈಲ್ ಫೋಟೋ 'ಮೈ ಕಾಂಟ್ಯಾಕ್ಟ್ಸ್'ಗೆ ಮಾತ್ರ. ಅಲ್ಲೇ ಕೆಳಗೆ ಕಾಲ್ಸ್ ಅಂತ ಇದೆ, 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್ ಮಾಡಿ. ಬಾವನ ಫೋನಿನಲ್ಲಿ ಇದು ಮೊದಲೇ ಆನ್ ಆಗಿದ್ದರೆ ಆ ಕಾಲ್ ರಿಂಗ್ ಆಗುತ್ತಲೇ ಇರಲಿಲ್ಲ. ಟೂ ಸ್ಟೆಪ್ ವೆರಿಫಿಕೇಶನ್‌ಗೆ ಆರು ಅಂಕಿಯ ಪಿನ್ ಇಡಿ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ಇನ್ನೂ ತೆರೆದೇ ಇರಬಹುದು.

ಸಾಲದ ಆ್ಯಪ್ ಹಾಕಿಕೊಂಡಾಗ "ಕಾಂಟ್ಯಾಕ್ಟ್ಸ್ ನೋಡಲಾ?" ಅಂತ ಕೇಳಿದರೆ ಅಲ್ಲೇ ನಿಲ್ಲಿಸಿ. ಕೇಳುವ ಆ್ಯಪ್ ಅಂದಮೇಲೆ ಅದರ ಉದ್ದೇಶ ಗೊತ್ತಾಯಿತಲ್ಲ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ಸ್, ಫೋಟೋ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. 2023ರ ಮೇ ಕೊನೆಯಿಂದ ಗೂಗಲ್ ಪ್ಲೇನಲ್ಲೂ ಅದೇ ನಿಯಮ. ಲಿಂಕ್ ಕಳಿಸಿ ಹಾಕಿಸುವ ಆ್ಯಪ್‌ಗಳು ಯಾವ ನಿಯಮಕ್ಕೂ ಕ್ಯಾರೇ ಅನ್ನೋದಿಲ್ಲ, ಅವುಗಳ ಸಹವಾಸವೇ ಬೇಡ.

ನಮ್ಮ ಕಡೆ ದೊಡ್ಡ ತೂತು ಇನ್ನೊಂದಿದೆ, ಮದುವೆ ಬಯೋಡೇಟಾ. ಹುಡುಗಿಯ ಮೂರು ಫೋಟೋ, ಹುಟ್ಟಿದ ತಾರೀಖು, ಅಪ್ಪನ ಹೆಸರು, ಕೆಲಸ, ಸಂಬಳ, ಮನೆ ವಿಳಾಸ, ಮೊಬೈಲ್ ನಂಬರ್, ಸೋದರಮಾವ ಯಾರು ಅನ್ನೋದರ ಸಮೇತ ಪಿಡಿಎಫ್ ಮಾಡಿ ವಧುವರರ ಗ್ರೂಪಿಗೆ ಹಾಕುತ್ತೇವೆ. ಅಲ್ಲಿಂದ ಅದು ಇನ್ನೂ ಹತ್ತು ಗ್ರೂಪಿಗೆ ಹೋಗುತ್ತೆ. ಬ್ಲ್ಯಾಕ್‌ಮೇಲ್ ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು? ಮುಖ ಸಿಕ್ಕಿತು, ಅದನ್ನು ಬೇರೆ ದೇಹಕ್ಕೆ ಅಂಟಿಸೋಕೆ ಈಗ ನಿಮಿಷ ಸಾಕು. ಹೆದರಿಸೋಕೆ ನೆಂಟರ ಹೆಸರೂ ಸಿಕ್ಕಿತು. ಗ್ರೂಪಿಗೆ ಹಾಕುವ ಬಯೋಡೇಟಾದಲ್ಲಿ ಊರು, ಓದು, ಒಂದು ಫೋಟೋ ಇರಲಿ. ನಂಬರ್ ಹುಡುಗಿಯದ್ದು ಬೇಡ, ಮನೆಯ ಹಿರಿಯರದ್ದು ಹಾಕಿ. ಉಳಿದದ್ದನ್ನು ಮಾತು ಮುಂದುವರೆದ ಮೇಲೆ ಕೊಟ್ಟರಾಯಿತು. ಆಧಾರ್ ಕೇಳಿದವರಿಗೆಲ್ಲಾ ಪೂರ್ತಿ ಕಾಪಿ ಕಳಿಸಬೇಡಿ. ಆಧಾರ್ ಸೈಟಿನಲ್ಲೇ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತೆ.

ನಾನು ಸ್ನೇಹಿತರ ಪಟ್ಟಿ ಮುಚ್ಚಿದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು "ಏನ್ ಮೇಷ್ಟ್ರೇ, ಏನೋ ಮುಚ್ಚಿಡ್ತಿದೀರಾ" ಅಂತ ಕಾಲೆಳೆದರು. ಮುಚ್ಚಿಡೋದು ಅಂದರೆ ತಪ್ಪು ಮಾಡಿದವರ ಕೆಲಸ ಅನ್ನುವ ಭಾವನೆ ನಮ್ಮಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದನ್ನೇ ಹೇಳಿದೆ. ಮಾರನೇ ದಿನ ಅವರೇ ಫೋನ್ ತಂದು "ನಂದೂ ಒಸಿ ಮುಚ್ಚಿಕೊಡಿ" ಅಂದರು.

ಫೋನ್ ರಿಪೇರಿಗೆ ಕೊಡುವಾಗ ಅನ್‌ಲಾಕ್ ಪಿನ್ ಬರೆದುಕೊಡೋದು ನಮ್ಮ ಅಭ್ಯಾಸ. ಸ್ಯಾಮ್‌ಸಂಗ್‌ನ ಈಚಿನ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವರಿಗೆ ಫೋಟೋ, ಮೆಸೇಜ್ ಕಾಣೋದಿಲ್ಲ. ಇಲ್ಲದ ಫೋನಾದರೆ ಎದುರಿಗೇ ಕೂತು ಮಾಡಿಸಿಕೊಳ್ಳಿ. ಮಾರುವ ಮುಂಚೆ ಗೂಗಲ್ ಅಕೌಂಟ್ ತೆಗೆದು ಫ್ಯಾಕ್ಟರಿ ರಿಸೆಟ್.

"ನಿಮ್ಮ ಕ್ಯಾಮೆರಾ ಹ್ಯಾಕ್ ಮಾಡಿದ್ದೀನಿ, ಬಿಟ್‌ಕಾಯಿನ್ ಕಳಿಸು" ಅಂತ ಈಮೇಲ್ ಬಂದರೆ, ಅದರಲ್ಲಿ ನಿಮ್ಮ ಹಳೇ ಪಾಸ್‌ವರ್ಡ್ ಇದ್ದರೂ, ಬಹುಪಾಲು ಬರೀ ಬೊಗಳೆ. ಯಾವುದೋ ಸೈಟಿನಿಂದ ಸೋರಿದ ಪಾಸ್‌ವರ್ಡ್ ಅದು. ಇನ್ನೂ ಅದನ್ನೇ ಬಳಸುತ್ತಿದ್ದರೆ ಬದಲಾಯಿಸಿ, ಮೇಲ್ ಕಸದಬುಟ್ಟಿಗೆ ಹಾಕಿ.

ನಿಮ್ಮ ಫೋನಿನ ಕೆಲಸ ಮುಗಿದ ಮೇಲೆ ಮನೆಯ ಹಿರಿಯರ ಫೋನ್ ಕೈಗೆ ತಗೊಳ್ಳಿ. ಎದುರಿಗೇ ಕೂರಿಸಿಕೊಂಡು, ಏನು ಮಾಡ್ತಿದ್ದೀರಿ ಅಂತ ಹೇಳಿಕೊಂಡೇ ಮಾಡಿ. 1930 ಅನ್ನು ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡಿಕೊಡಿ. ಬಾವನ ಫೋನಿನಲ್ಲಿ ಅದು 'ಸೈಬರ್' ಅಂತ ಇಲ್ಲ, 'ಅರ್ಜೆಂಟು' ಅಂತ ಇದೆ. ಅವರೇ ಇಟ್ಟ ಹೆಸರು.